ಯಾತ್ರೆ ಮುಗಿಸಿ ಊರಿಗೆ ಹೊರಟವರಿಗೆ ದೆಹಲಿಯಲ್ಲಿ ಒಂದು ಹಗಲು: ದಣಿದ ಪ್ರವಾಸಿಗಾಗಿ ಸಮಗ್ರ ಮಾರ್ಗದರ್ಶಿ

ಹರಿದ್ವಾರ, ಋಷಿಕೇಶ, ಬದರಿ, ಕೇದಾರಗಳಿಗೆ ಹೋಗಿ ಬರುವ ಕನ್ನಡಿಗರಲ್ಲಿ ಬಹಳಷ್ಟು ಮಂದಿಯ ಹಿಂದಿರುಗುವ ದಾರಿ ದೆಹಲಿಯ ಮೂಲಕವೇ ಹಾದುಹೋಗುತ್ತದೆ. ರಾತ್ರಿಯ ಬಸ್ಸಿನಲ್ಲೋ ರೈಲಿನಲ್ಲೋ ನಿದ್ದೆಗೆಟ್ಟು ಬೆಳಗಿನ ಜಾವ ದೆಹಲಿಗೆ ಬಂದಿಳಿಯುತ್ತಾರೆ. ಊರಿನ ರೈಲು ಹೊರಡುವುದು ರಾತ್ರಿಗೆ. ಕಾಲುಗಳಲ್ಲಿ ಬೆಟ್ಟ ಹತ್ತಿ ಇಳಿದ ನೋವು ಇನ್ನೂ ಉಳಿದಿರುತ್ತದೆ, ಜೊತೆಯಲ್ಲಿ ವಯಸ್ಸಾದ ತಂದೆ-ತಾಯಿ ಇರುತ್ತಾರೆ, ಆದರೂ ಇಷ್ಟು ದೂರ ಬಂದು ರಾಜಧಾನಿಯನ್ನು ನೋಡದೆ ಹೋಗುವುದಕ್ಕೆ ಯಾರಿಗೂ ಮನಸ್ಸಾಗುವುದಿಲ್ಲ. ಇಂಥವರನ್ನು ದಿನದ ದರ್ಶನದ ಬಸ್ಸುಗಳು ಸುಲಭವಾಗಿ ಸೆಳೆಯುತ್ತವೆ. ಒಂದೇ ಹಗಲಿನಲ್ಲಿ ಎಂಟು-ಹತ್ತು ಸ್ಥಳಗಳನ್ನು ತೋರಿಸುವುದಾಗಿ ಹೇಳುವ ಆ ಬಸ್ಸುಗಳಲ್ಲಿ ದಿನದ ಹೆಚ್ಚಿನ ಪಾಲು ಸಿಗ್ನಲ್‌ಗಳಲ್ಲಿ ಕಳೆದುಹೋಗುತ್ತದೆ, ಮತ್ತು ಪ್ರತಿ ಸ್ಥಳದಲ್ಲೂ ಇಳಿದು, ಫೋಟೊ ತೆಗೆದು, ಮತ್ತೆ ಹತ್ತುವುದಷ್ಟೇ ನಡೆಯುತ್ತದೆ.

ದಣಿದ ದೇಹಕ್ಕೆ ಒಂದು ಹಗಲಿನಲ್ಲಿ ಮೂರು ಸ್ಥಳಗಳು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೆಳಗಿನ ತಂಪಿನಲ್ಲಿ ಹಳೆಯ ದೆಹಲಿ, ನಡುಹಗಲಿಗೆ ಕನಿಷ್ಠ ಎರಡೂವರೆ ಗಂಟೆಗಳ ನಿಜವಾದ ವಿಶ್ರಾಂತಿ, ಸಂಜೆಯ ಇಳಿಬಿಸಿಲಿನಲ್ಲಿ ಹುಮಾಯೂನನ ಸಮಾಧಿ: ಈ ಕ್ರಮದಲ್ಲಿ ದಿನವನ್ನು ಕಟ್ಟಿಕೊಂಡರೆ ನೋಡಿದ್ದು ಮನಸ್ಸಿನಲ್ಲಿ ನಿಲ್ಲುತ್ತದೆ, ಮನೆಯ ಹಿರಿಯರೂ ಕಾಯಿಲೆ ಬೀಳದೆ ರೈಲು ಹತ್ತುತ್ತಾರೆ. ವಿಶ್ರಾಂತಿಯನ್ನು ಸಮಯ ಉಳಿದರೆ ಮಾಡುವ ಕೆಲಸವೆಂದು ಎಣಿಸದೆ, ಅದನ್ನೇ ಮೊದಲು ನಿಗದಿಪಡಿಸಿ ಉಳಿದುದನ್ನು ಅದರ ಎರಡು ಬದಿಗೆ ಜೋಡಿಸಬೇಕು.

ಹಿಂದಿನ ರಾತ್ರಿಯೇ ನೋಡಿಕೊಳ್ಳಬೇಕಾದುದು

ಮೊದಲು ಟಿಕೆಟ್ಟಿನಲ್ಲಿ ನಿಲ್ದಾಣದ ಹೆಸರನ್ನು ಓದಿ. ದೆಹಲಿಯಲ್ಲಿ ಹೊಸ ದಿಲ್ಲಿ, ಹಳೆ ದಿಲ್ಲಿ ಎಂದು ಕರೆಯುವ ದಿಲ್ಲಿ ಜಂಕ್ಷನ್, ಹಜರತ್ ನಿಜಾಮುದ್ದೀನ್, ಆನಂದ್ ವಿಹಾರ್ ಎಂಬ ಬೇರೆ ಬೇರೆ ದೊಡ್ಡ ನಿಲ್ದಾಣಗಳಿವೆ, ಮತ್ತು ಸಂಜೆಯ ವಾಹನ ದಟ್ಟಣೆಯಲ್ಲಿ ಒಂದರಿಂದ ಇನ್ನೊಂದಕ್ಕೆ ಓಡುವುದು ಯಾರಿಂದಲೂ ಆಗುವ ಕೆಲಸವಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ ಹೊಸ ದಿಲ್ಲಿಯಿಂದ ಹೊರಡುತ್ತದೆ. ಬೆಂಗಳೂರು ರಾಜಧಾನಿ ಹೊರಡುವುದು ಹಜರತ್ ನಿಜಾಮುದ್ದೀನ್‌ನಿಂದ. ಇವೆರಡರಲ್ಲಿ ನಿಮ್ಮದು ಯಾವುದೆಂಬುದರ ಮೇಲೆ ಚೀಲಗಳನ್ನು ಎಲ್ಲಿ ಇಡಬೇಕು, ಸಂಜೆ ಎಷ್ಟು ಹೊತ್ತಿಗೆ ಹೊರಡಬೇಕು ಎಂಬುದೆಲ್ಲ ನಿಂತಿದೆ.

ಎರಡನೆಯದಾಗಿ, ವಾರ ಯಾವುದೆಂದು ನೋಡಿ. ಕೆಂಪುಕೋಟೆ ಸೋಮವಾರ ಮುಚ್ಚಿರುತ್ತದೆ. ಸ್ವಾತಂತ್ರ್ಯ ದಿನಾಚರಣೆಗೆ ಮುಂಚಿನ ದಿನಗಳಲ್ಲೂ ಸಾರ್ವಜನಿಕರಿಗೆ ಪ್ರವೇಶ ಇರುವುದಿಲ್ಲ. ಭಾನುವಾರ ಚಾಂದನಿ ಚೌಕದ ಬಹುತೇಕ ಅಂಗಡಿಗಳು ಬಾಗಿಲು ತೆರೆಯುವುದಿಲ್ಲ, ಆದ್ದರಿಂದ ಕೊಳ್ಳುವವರಿಗೆ ಅಂದು ನಿರಾಸೆ, ಕಟ್ಟಡಗಳನ್ನಷ್ಟೇ ನೋಡುವವರಿಗೆ ಅನುಕೂಲ. ಶುಕ್ರವಾರ ಮಧ್ಯಾಹ್ನ ಜಾಮಾ ಮಸೀದಿಯ ಸುತ್ತ ಪ್ರಾರ್ಥನೆಗೆ ಬರುವವರ ದೊಡ್ಡ ಜನಸಂದಣಿ ಇರುತ್ತದೆ, ಹಾಗಾಗಿ ಅಂದು ಬೆಳಿಗ್ಗೆ ಬೇಗನೆ ನೋಡಿ ಹೊರಬಂದುಬಿಡಬೇಕು. ಕೆಂಪುಕೋಟೆ ಮತ್ತು ಹುಮಾಯೂನನ ಸಮಾಧಿಯ ಟಿಕೆಟ್‌ಗಳನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ಹಿಂದಿನ ರಾತ್ರಿಯೇ ಕೊಂಡುಕೊಂಡರೆ ಕೌಂಟರಿನ ಸಾಲು ತಪ್ಪುತ್ತದೆ. 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ.

ಋತುವನ್ನೂ ಗಮನಿಸಬೇಕು. ಮೇ-ಜೂನ್ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ, ಮತ್ತು ಚಾರ್‌ಧಾಮ ಯಾತ್ರೆಯ ಹೆಚ್ಚಿನ ಜನ ವಾಪಸಾಗುವುದು ಆ ದಿನಗಳಲ್ಲಿಯೇ. ಅಂಥ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದರ ನಂತರ ಸಂಜೆ ನಾಲ್ಕೂವರೆಯವರೆಗೆ ಬಯಲಿನಲ್ಲಿ ಇರಲೇಬಾರದು. ನವೆಂಬರಿನಿಂದ ಜನವರಿಯವರೆಗೆ ಹೊಗೆ ತುಂಬಿದ ಗಾಳಿ ಉಬ್ಬಸದವರಿಗೆ ತೊಂದರೆ ಕೊಡುತ್ತದೆ. ಡಿಸೆಂಬರ್-ಜನವರಿಯ ಮಂಜಿನಲ್ಲಿ ದೆಹಲಿಗೆ ಬರುವ ರೈಲುಗಳು ಗಂಟೆಗಟ್ಟಲೆ ತಡವಾಗುವುದೂ ಉಂಟು, ಆದ್ದರಿಂದ ಆ ತಿಂಗಳುಗಳಲ್ಲಿ ಬೆಳಗಿನ ಕಾರ್ಯಕ್ರಮವನ್ನು ಸಡಿಲವಾಗಿ ಇಟ್ಟುಕೊಳ್ಳಿ.

ಮೊದಲ ಹೆಜ್ಜೆ: ಚೀಲ ಇಳಿಸಿ, ಸ್ನಾನ ಮಾಡಿ

ಹರಿದ್ವಾರದಿಂದ ಬರುವ ಬಸ್ಸುಗಳು ಸಾಮಾನ್ಯವಾಗಿ ಕಾಶ್ಮೀರಿ ಗೇಟ್ ಅಥವಾ ಆನಂದ್ ವಿಹಾರ್ ಬಸ್ ನಿಲ್ದಾಣಕ್ಕೆ ಬರುತ್ತವೆ. ಎರಡೂ ಕಡೆ ಮೆಟ್ರೊ ಇದೆ. ಕಾಶ್ಮೀರಿ ಗೇಟ್‌ನಿಂದ ಹಳದಿ ಮಾರ್ಗದಲ್ಲಿ ಚಾಂದನಿ ಚೌಕ, ಚಾವಡಿ ಬಜಾರ್ ದಾಟಿದರೆ ಮುಂದಿನದೇ ಹೊಸ ದಿಲ್ಲಿ. ಈ ಮೆಟ್ರೊ ನಿಲ್ದಾಣವಿರುವುದು ರೈಲು ನಿಲ್ದಾಣದ ಅಜ್ಮೇರಿ ಗೇಟ್ ಬದಿಯಲ್ಲಿ. ಒಂದನೇ ಪ್ಲಾಟ್‌ಫಾರಂ ಇರುವುದು ಎದುರಿನ ಪಹಾಡ್‌ಗಂಜ್ ಬದಿಯಲ್ಲಿ. ಎರಡರ ನಡುವಿನ ಮೇಲ್ಸೇತುವೆ ಉದ್ದವಾಗಿದ್ದು, ಚೀಲ ಹೊತ್ತು ದಾಟುವುದು ವಯಸ್ಸಾದವರಿಗೆ ತ್ರಾಸದಾಯಕ.

ಚೀಲಗಳನ್ನು ನೀವು ರಾತ್ರಿ ರೈಲು ಹತ್ತುವ ನಿಲ್ದಾಣದ ಕ್ಲೋಕ್ ರೂಮಿನಲ್ಲಿಯೇ ಇಡಿ. ಪ್ರತಿ ಚೀಲಕ್ಕೂ ಬೀಗ ಇರಲೇಬೇಕು, ರೈಲಿನ ಟಿಕೆಟ್ ತೋರಿಸಬೇಕು, ಕೊಟ್ಟ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಗಂಗಾಜಲದ ಕ್ಯಾನ್‌ಗಳಿದ್ದರೆ ಅವನ್ನು ಬೀಗ ಹಾಕಿದ ಚೀಲದೊಳಗೆ ನಿಲ್ಲಿಸಿ ಇಡಿ. ದಿನಕ್ಕೆ ಬೇಕಾದ ಔಷಧಿ, ನೀರಿನ ಬಾಟಲಿ, ತಲೆಗೆ ಹೊದೆಯಲು ಒಂದು ಬಟ್ಟೆ, ಒಂದು ಜೊತೆ ದಪ್ಪ ಕಾಲುಚೀಲ, ಓಆರ್‌ಎಸ್ ಪೊಟ್ಟಣ, ಗುರುತಿನ ಚೀಟಿ ಇಷ್ಟನ್ನು ಮಾತ್ರ ಸಣ್ಣ ಚೀಲದಲ್ಲಿ ಜೊತೆಗೆ ಒಯ್ಯಿರಿ.

ಸ್ನಾನವನ್ನು ಮುಂದೂಡಬೇಡಿ. ನಿದ್ದೆಗೆಟ್ಟ ದೇಹಕ್ಕೆ ಒಂದು ಸ್ನಾನವೂ ಅರ್ಧ ಗಂಟೆ ಕಾಲು ನೀಡಿ ಮಲಗುವುದೂ ಇಡೀ ದಿನಕ್ಕೆ ಆಧಾರ. ದೃಢಪಟ್ಟ ಟಿಕೆಟ್ಟಿನ ಪಿಎನ್‌ಆರ್ ಸಂಖ್ಯೆಯಿಂದ ನಿಲ್ದಾಣದ ರಿಟೈರಿಂಗ್ ರೂಮ್ ಅಥವಾ ಡಾರ್ಮಿಟರಿಯನ್ನು ಐಆರ್‌ಸಿಟಿಸಿ ಮೂಲಕ ಮುಂಗಡವಾಗಿ ಕಾದಿರಿಸಬಹುದು. ಬೇಗ ತುಂಬಿಹೋಗುವುದರಿಂದ ಯಾತ್ರೆಗೆ ಹೊರಡುವ ಮುನ್ನವೇ ಪ್ರಯತ್ನಿಸಬೇಕು. ಸಿಗದಿದ್ದರೆ ಪಹಾಡ್‌ಗಂಜ್‌ನಲ್ಲಿ ಸಾಧಾರಣ ವಸತಿಗೃಹಗಳು ಸಾಲಾಗಿವೆ. ಕೋಣೆಯನ್ನು ಸಂಜೆಯವರೆಗೂ ಇಟ್ಟುಕೊಳ್ಳಲು ಸಾಧ್ಯವಾದರೆ ಮಧ್ಯಾಹ್ನದ ವಿಶ್ರಾಂತಿಗೂ ಅದೇ ಒದಗುತ್ತದೆ. ವಯಸ್ಸಾದವರು ಜೊತೆಗಿದ್ದರೆ ಆ ಖರ್ಚು ದಂಡವಲ್ಲ.

ನಿಲ್ದಾಣದ ಹೊರಗೆ ಒಂದು ಎಚ್ಚರಿಕೆ ಅಗತ್ಯ. ನಿಮ್ಮ ರೈಲು ರದ್ದಾಗಿದೆ, ಟಿಕೆಟ್ ದೃಢಪಟ್ಟಿಲ್ಲ, ಪಕ್ಕದ ಕಚೇರಿಗೆ ಬಂದು ಸರಿಪಡಿಸಿಕೊಳ್ಳಿ ಎಂದು ಹೇಳಿಕೊಂಡು ಬರುವವರು ದಲ್ಲಾಳಿಗಳು. ಅವರ ಜೊತೆ ವಾದಕ್ಕೆ ನಿಲ್ಲದೆ ಮುಂದೆ ನಡೆಯಿರಿ. ಅನುಮಾನ ಬಂದರೆ ರೈಲ್ವೆಯ 139ಕ್ಕೆ ಕರೆ ಮಾಡಿ ವಿಚಾರಿಸಿ.

ಎರಡನೆಯ ಹೆಜ್ಜೆ: ಎಂಟು ಗಂಟೆಯೊಳಗೆ ಜಾಮಾ ಮಸೀದಿ

ಹೊಸ ದಿಲ್ಲಿಯಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣ ಹಿಂದಕ್ಕೆ ಹೋದರೆ ಚಾವಡಿ ಬಜಾರ್. ಇದು ನೆಲದಡಿಯಲ್ಲಿ ಬಹಳ ಆಳದಲ್ಲಿರುವ ನಿಲ್ದಾಣವಾದ್ದರಿಂದ ಮೆಟ್ಟಿಲಿನ ಆಸೆ ಬಿಟ್ಟು ಲಿಫ್ಟ್ ಹುಡುಕಿ. ಮೆಟ್ರೊದಲ್ಲಿ ರೈಲು ಸಾಗುವ ದಿಕ್ಕಿನ ಮೊದಲ ಬೋಗಿ ಮಹಿಳೆಯರಿಗೆ ಮೀಸಲು. ಮನೆಯವರು ಬೇರೆ ಬೇರೆ ಬೋಗಿ ಹತ್ತುವುದಾದರೆ ಇಳಿಯುವ ನಿಲ್ದಾಣದ ಹೆಸರನ್ನು ಎಲ್ಲರಿಗೂ ಮೊದಲೇ ಹೇಳಿರಬೇಕು. ಹಿರಿಯರ ಜೇಬಿನಲ್ಲಿ ಮನೆಯವರ ಫೋನ್ ಸಂಖ್ಯೆಯನ್ನು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬರೆದ ಒಂದು ಚೀಟಿ ಇರಲಿ. ಹಿಂದಿ ಬಾರದ ಅಜ್ಜಿಯೊಬ್ಬರು ಜನಸಂದಣಿಯಲ್ಲಿ ತಪ್ಪಿಸಿಕೊಂಡರೆ ಆ ಚೀಟಿಯೇ ಅವರ ಪರವಾಗಿ ಮಾತಾಡುತ್ತದೆ.

ನಿಲ್ದಾಣದಿಂದ ಮಸೀದಿಗೆ ಸೈಕಲ್ ರಿಕ್ಷಾದಲ್ಲಿ ಹೋಗಿ. ಹತ್ತುವ ಮೊದಲೇ ಬಾಡಿಗೆ ಮಾತಾಡಿಕೊಳ್ಳಬೇಕು, ಮತ್ತು ಹೇಳಿದ ಮೊತ್ತ ತಲೆಗೊಂದರಂತೆಯೋ ಇಡೀ ರಿಕ್ಷಾಕ್ಕೋ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು, ಏಕೆಂದರೆ ಇಳಿದ ಮೇಲಿನ ಜಗಳಗಳು ಹುಟ್ಟುವುದು ಬಹುತೇಕ ಇಲ್ಲಿಯೇ. ಮಾತಾಡಿಕೊಂಡ ಮೇಲೆ ಹತ್ತು-ಇಪ್ಪತ್ತು ರೂಪಾಯಿಗಾಗಿ ಕೊಸರಾಡಬೇಡಿ; ಮೂವರ ಭಾರವನ್ನು ತುಳಿದು ಎಳೆಯುವ ಕೆಲಸ ಹಗುರದ್ದಲ್ಲ.

ಷಹಜಹಾನನು ಕಟ್ಟಿಸಿದ ಈ ಮಸೀದಿ ಪೂರ್ಣಗೊಂಡದ್ದು 1656ರಲ್ಲಿ. ಇತ್ತ ವಿಜಯಪುರದಲ್ಲಿ ಮಹಮ್ಮದ್ ಆದಿಲ್ ಷಾ ತೀರಿಕೊಂಡು ಗೋಲ ಗುಮ್ಮಟದ ಒಳಗೆ ಮಣ್ಣಾದದ್ದೂ ಅದೇ ವರ್ಷ. ಗೋಲ ಗುಮ್ಮಟವನ್ನು ಕಂಡವರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬಹುದು. ಅಲ್ಲಿ ಒಂದೇ ಗುಮ್ಮಟ ತನ್ನ ಗಾತ್ರದಿಂದಲೇ ನಮ್ಮನ್ನು ಮೂಕರನ್ನಾಗಿಸಿದರೆ, ಇಲ್ಲಿ ಬಯಲಿನಂಥ ಅಂಗಳ, ಅದರಾಚೆ ಬಿಳಿಯ ಮೂರು ಗುಮ್ಮಟಗಳು, ಎರಡು ಬದಿಗೆ ಸುಮಾರು 40 ಮೀಟರ್ ಎತ್ತರದ ಮಿನಾರುಗಳು ಸೇರಿ ಕಣ್ಣನ್ನು ನಿಧಾನವಾಗಿ ಅಗಲಿಸುತ್ತವೆ. ಮೂರು ದ್ವಾರಗಳಲ್ಲಿ ಯಾವುದರಿಂದ ಹೋದರೂ ಮೂವತ್ತಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ನಡುವೆ ನಿಂತು ಉಸಿರು ತೆಗೆದುಕೊಂಡು ಹತ್ತಿ. ಪ್ರಾರ್ಥನೆಯ ಸಮಯಗಳಲ್ಲಿ ಪ್ರವಾಸಿಗರಿಗೆ ಪ್ರವೇಶವಿಲ್ಲ; ಬೆಳಗಿನ ಹೊತ್ತಿನಲ್ಲಿ ಈ ಅಡಚಣೆ ಇರುವುದಿಲ್ಲ, ಜನವೂ ಕಡಿಮೆ. ಮೊಣಕಾಲು ಮುಚ್ಚುವ ಉಡುಪು ಇರಲಿ, ತಲೆಗೆ ಬಟ್ಟೆ ಇರಲಿ. ಪಾದರಕ್ಷೆಗಳನ್ನು ಹೊರಗೆ ಬಿಡಬೇಕಾದ್ದರಿಂದ, ಕಲ್ಲು ಕಾಯುವ ಬೇಸಿಗೆಯಲ್ಲಿ ಆ ದಪ್ಪ ಕಾಲುಚೀಲಗಳು ಉಪಯೋಗಕ್ಕೆ ಬರುತ್ತವೆ. ಮಿನಾರಿನ ಮೇಲಿನ ನೋಟ ಚೆಂದವೇನೋ ಹೌದು, ಆದರೆ ನೂರಕ್ಕೂ ಹೆಚ್ಚು ಇಕ್ಕಟ್ಟಿನ ಮೆಟ್ಟಿಲುಗಳನ್ನು ಯಾತ್ರೆಯಿಂದ ಬಂದ ಕಾಲುಗಳಿಗೆ ಹೊರಿಸಬೇಡಿ. ಅದರ ಬದಲು ಅಂಗಳದ ಅಂಚಿನ ಕಮಾನು ಸಾಲಿನ ನೆರಳಿನಲ್ಲಿ ಕಾಲು ಗಂಟೆ ಕುಳಿತುಕೊಳ್ಳಿ. ಪೂರ್ವ ದ್ವಾರದ ಕಡೆಯಿಂದ ಕೆಂಪುಕೋಟೆಯ ಗೋಡೆಯೂ ಕಾಣುತ್ತದೆ.

ಮೂರನೆಯ ಹೆಜ್ಜೆ: ತಿಂಡಿ, ನಂತರ ಕೆಂಪುಕೋಟೆ

ಹಳೆಯ ದೆಹಲಿಯ ಬೆಳಗಿನ ತಿಂಡಿ ಎಂದರೆ ಉದ್ದಿನ ಹೂರಣ ತುಂಬಿದ ಬೇಡ್ಮಿ ಪೂರಿ ಮತ್ತು ಖಾರದ ಆಲೂಗಡ್ಡೆ ಪಲ್ಯ. ಜೊತೆಗೆ ಗರಿಗರಿಯಾದ ಸಣ್ಣ ಪೂರಿಯಂಥ ನಾಗೋರಿ ಮತ್ತು ಹಲ್ವ. ರುಚಿಯ ಬಗ್ಗೆ ಎರಡು ಮಾತಿಲ್ಲ. ಆದರೆ ವಾರಗಟ್ಟಲೆ ಬೆಟ್ಟದ ಊರುಗಳ ಸಪ್ಪೆ ಊಟ ಮಾಡಿ ಬಂದ ಹೊಟ್ಟೆಗೆ ಅಷ್ಟು ಎಣ್ಣೆ ಒಮ್ಮೆಲೇ ಬಿದ್ದರೆ ರೈಲಿನ ಎರಡು ರಾತ್ರಿಗಳು ಕಷ್ಟವಾಗುತ್ತವೆ. ಇಬ್ಬರಿಗೆ ಒಂದು ತಟ್ಟೆ ತೆಗೆದುಕೊಂಡು ರುಚಿ ನೋಡಿ, ಕಣ್ಣೆದುರು ಕರಿದದ್ದನ್ನೇ ತಿನ್ನಿ. ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಶರಬತ್ತು, ಬಿಡಿ ನೀರು ಇವನ್ನು ಈ ದಿನ ಮುಟ್ಟದಿರುವುದೇ ಲೇಸು.

ಕೆಂಪುಕೋಟೆ ಬೆಳಿಗ್ಗೆ ಒಂಬತ್ತೂವರೆಗೆ ತೆರೆಯುತ್ತದೆ. ತೆರೆದ ಹೊತ್ತಿಗೇ ಒಳಗೆ ಹೋಗುವುದು ಜಾಣತನ. 1648ರಲ್ಲಿ ಪೂರ್ಣಗೊಂಡು, 2007ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಕೋಟೆಯ ಆವರಣ ತುಂಬ ದೊಡ್ಡದು, ಎಲ್ಲವನ್ನೂ ಸುತ್ತಲು ಹೊರಟರೆ ಅರ್ಧ ದಿನ ಹೋಗುತ್ತದೆ. ದಣಿದವರು ನೇರವಾದ ಒಂದೇ ಗೆರೆಯಲ್ಲಿ ಸಾಗಬೇಕು: ಲಾಹೋರಿ ದ್ವಾರ, ಅದರ ಹಿಂದಿನ ಛಾವಣಿಯ ಪೇಟೆಯಾದ ಛತ್ತಾ ಚೌಕ, ನಗಾರಿ ಬಾರಿಸುತ್ತಿದ್ದ ನೌಬತ್ ಖಾನಾ, ಸಾರ್ವಜನಿಕ ದರ್ಬಾರು ನಡೆಯುತ್ತಿದ್ದ ದಿವಾನ್-ಎ-ಆಮ್, ಕೊನೆಗೆ ಯಮುನೆಯ ಕಡೆಗಿರುವ ರಂಗಮಹಲ್ ಮತ್ತು ಖಾಸಗಿ ದರ್ಬಾರಿನ ದಿವಾನ್-ಎ-ಖಾಸ್. ಛತ್ತಾ ಚೌಕದಲ್ಲಿ ಈಗಲೇ ಏನನ್ನೂ ಕೊಳ್ಳಬೇಡಿ, ಕೊಂಡದ್ದನ್ನು ದಿನವಿಡೀ ಹೊರಬೇಕಾಗುತ್ತದೆ.

ದಿವಾನ್-ಎ-ಖಾಸ್ ಎದುರಿನಲ್ಲಿ ಮಾತ್ರ ಅವಸರ ಮಾಡದೆ ನಿಲ್ಲಿ. ಮಯೂರ ಸಿಂಹಾಸನ ಇದ್ದದ್ದು ಇಲ್ಲಿ. 1739ರಲ್ಲಿ ನಾದಿರ್ ಷಾ ಅದನ್ನು ಪರ್ಷಿಯಾಕ್ಕೆ ಹೊತ್ತೊಯ್ದ. ಕೊನೆಯ ಮೊಗಲ ಬಾದಷಹ ಬಹಾದೂರ್ ಷಾ ಜಫರ್‌ನನ್ನು 1858ರಲ್ಲಿ ಬ್ರಿಟಿಷರು ವಿಚಾರಣೆಗೆ ನಿಲ್ಲಿಸಿ, ರಂಗೂನಿಗೆ ಗಡೀಪಾರು ಮಾಡಲು ತೀರ್ಮಾನಿಸಿದ್ದೂ ಇದೇ ಸಭಾಂಗಣದಲ್ಲಿ. ಸುತ್ತಲಿನ ಅರಮನೆಗಳಲ್ಲಿ ಬಹುಪಾಲನ್ನು 1857ರ ನಂತರ ಕೆಡವಿ ಸೈನಿಕರ ಬ್ಯಾರಕ್‌ಗಳನ್ನು ಕಟ್ಟಿದರು. ನೀವು ನಡೆದು ಬಂದ ಖಾಲಿ ಹುಲ್ಲುಹಾಸುಗಳು ಒಂದು ಕಾಲಕ್ಕೆ ಕಟ್ಟಡಗಳಿಂದ ತುಂಬಿದ್ದವು. 1945ರಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ ನಡೆದದ್ದೂ ಈ ಕೋಟೆಯಲ್ಲಿಯೇ. ಒಳಗಿನ ವಸ್ತುಸಂಗ್ರಹಾಲಯಗಳನ್ನು ಈ ಸಲ ಬಿಟ್ಟುಬಿಡಿ. ಒಂದೂವರೆ ಗಂಟೆಯಲ್ಲಿ ಹೊರಬಂದರೆ ಸಾಕು.

ನಾಲ್ಕನೆಯ ಹೆಜ್ಜೆ: ಚಾಂದನಿ ಚೌಕವನ್ನು ಕುಳಿತುಕೊಂಡೇ ದಾಟಿ

ಷಹಜಹಾನನ ಮಗಳು ಜಹಾನಾರಾ ರೂಪಿಸಿದ ಈ ಪೇಟೆಯ ನಡುವೆ ಒಂದು ಕಾಲಕ್ಕೆ ಕಾಲುವೆ ಹರಿಯುತ್ತಿತ್ತು. 2021ರಲ್ಲಿ ಮುಖ್ಯ ಬೀದಿಯನ್ನು ಕೆಂಪು ಕಲ್ಲುಹಾಸಿನ ಪಾದಚಾರಿ ಮಾರ್ಗವಾಗಿ ಮಾರ್ಪಡಿಸಿ, ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಮೋಟಾರು ವಾಹನಗಳನ್ನು ನಿಷೇಧಿಸಲಾಯಿತು. ಜನಸಂದಣಿ ಮಾತ್ರ ಕರಗಿಲ್ಲ. ಕೋಟೆಯ ಎದುರಿನ ದಿಗಂಬರ ಜೈನರ ಲಾಲ್ ಮಂದಿರದಿಂದ ಫತೇಪುರಿ ಮಸೀದಿಯವರೆಗಿನ ಒಂದೂಕಾಲು ಕಿಲೋಮೀಟರಿನಷ್ಟು ದಾರಿಯನ್ನು ಸೈಕಲ್ ರಿಕ್ಷಾದಲ್ಲಿ ದಾಟುವುದೇ ಉತ್ತಮ. ಲಾಲ್ ಮಂದಿರದ ಆವರಣದಲ್ಲಿ ಗಾಯಗೊಂಡ ಹಕ್ಕಿಗಳಿಗಾಗಿಯೇ ನಡೆಸುವ ಆಸ್ಪತ್ರೆಯಿದೆ. ಮುಂದೆ ಎಡಬದಿಯಲ್ಲಿ ಸಿಗುವ ಸೀಸ್‌ಗಂಜ್ ಗುರುದ್ವಾರ, 1675ರಲ್ಲಿ ಔರಂಗಜೇಬನ ಆಜ್ಞೆಯಂತೆ ಸಿಖ್ಖರ ಒಂಬತ್ತನೆಯ ಗುರು ತೇಗ್ ಬಹಾದೂರರ ಶಿರಚ್ಛೇದವಾದ ಸ್ಥಳ. ರಿಕ್ಷಾ ನಿಲ್ಲಿಸಿ ಅಲ್ಲಿ ಕೈಮುಗಿದು ಹೋಗಿ.

ಕೊಳ್ಳುವ ಆಸೆಯಿದ್ದವರು ಬೆಳ್ಳಿಯ ಸಣ್ಣ ಪುಟ್ಟ ಆಭರಣಗಳಿಗೆ ದರೀಬಾ ಕಲಾಂ ಬೀದಿಯೊಂದಕ್ಕೆ ಮಾತ್ರ ಹೋಗಬಹುದು. ಅಂಗಡಿಗಳು ತೆರೆಯುವುದು ಹನ್ನೊಂದರ ಸುಮಾರಿಗೆ. ಬಟ್ಟೆಯಂಗಡಿಗೆ ಕಾಲಿಟ್ಟರೆ ಮಧ್ಯಾಹ್ನ ಅಲ್ಲಿಯೇ ಮುಗಿಯುತ್ತದೆ. ಫತೇಪುರಿಯ ಪಕ್ಕದ ಖಾರಿ ಬಾವಲಿ ಮಸಾಲೆ ಪೇಟೆ ನನಗೆ ಬಹಳ ಇಷ್ಟವಾದ ಜಾಗ, ಆದರೆ ಅಲ್ಲಿನ ಒಣಮೆಣಸಿನ ಘಾಟು ಉಬ್ಬಸದವರಿಗೆ ಹೇಳಿದ್ದಲ್ಲ. ಈ ಭಾಗದಲ್ಲಿ ಹಣ ಮತ್ತು ಫೋನ್ ಮುಂದಿನ ಜೇಬಿನಲ್ಲಿಯೇ ಇರಬೇಕು.

ಐದನೆಯ ಹೆಜ್ಜೆ: ನಡುಹಗಲಿನ ವಿಶ್ರಾಂತಿ

ಹನ್ನೆರಡೂವರೆಯ ಹೊತ್ತಿಗೆ ಚಾಂದನಿ ಚೌಕದಿಂದ ಹೊರಟುಬಿಡಿ; ಮೇ-ಜೂನ್‌ನ ಬಿಸಿಲಿನಲ್ಲಾದರೆ ಹನ್ನೊಂದಕ್ಕೇ. ಇನ್ನೊಂದು ಬೀದಿ ನೋಡಿಬಿಡೋಣ ಎನಿಸುವುದು ಈ ಹೊತ್ತಿನಲ್ಲಿಯೇ, ಮತ್ತು ಸಂಜೆಯ ತಲೆನೋವು, ವಾಂತಿ, ಮನೆಯವರ ಮೇಲೆ ರೇಗಾಟ ಶುರುವಾಗುವುದೂ ಆ ಒಂದು ಬೀದಿಯಿಂದಲೇ. ಕೋಣೆ ಇದ್ದವರು ನೇರವಾಗಿ ಕೋಣೆಗೆ ಹೋಗಿ, ಮೊಸರನ್ನದಂಥ ಹಗುರವಾದ ಊಟ ಮಾಡಿ, ಪರದೆ ಎಳೆದು ಮಲಗಲಿ. ದಕ್ಷಿಣದ ಊಟವೇ ಬೇಕೆನ್ನುವವರಿಗೆ ಕನಾಟ್ ಪ್ಲೇಸ್ ಸುತ್ತ ಹೋಟೆಲುಗಳಿವೆ. ಚಾಣಕ್ಯಪುರಿಯ ಕರ್ನಾಟಕ ಭವನ ನಮ್ಮದೇ ಆದರೂ, ಒಂದು ಊಟಕ್ಕಾಗಿ ಈ ದಿನ ಅಷ್ಟು ದೂರ ಹೋಗಿ ಬರುವುದನ್ನು ನಾನು ಹೇಳಲಾರೆ.

ಕೋಣೆ ಇಲ್ಲದವರಿಗೆ ದೆಹಲಿಯಲ್ಲಿ ಬಾಂಗ್ಲಾ ಸಾಹಿಬ್ ಗುರುದ್ವಾರಕ್ಕಿಂತ ಒಳ್ಳೆಯ ಆಸರೆ ಇಲ್ಲ. ಹಳದಿ ಮಾರ್ಗದ ಪಟೇಲ್ ಚೌಕ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿದರೆ ಕೆಲವೇ ನಿಮಿಷಗಳ ದಾರಿ. ಸಿಖ್ಖರ ಎಂಟನೆಯ ಗುರು ಹರಕೃಷ್ಣರು 1664ರಲ್ಲಿ ರಾಜಾ ಜೈಸಿಂಗನ ಬಂಗಲೆಯಾಗಿದ್ದ ಈ ಸ್ಥಳದಲ್ಲಿ ತಂಗಿ, ಸಾಂಕ್ರಾಮಿಕ ರೋಗಕ್ಕೆ ತುತ್ತಾದವರಿಗೆ ಬಾವಿಯ ನೀರು ಕೊಟ್ಟು ಶುಶ್ರೂಷೆ ಮಾಡಿದರೆಂಬ ನಂಬಿಕೆಯಿದೆ. ಬೀದರಿನ ನಾನಕ್ ಝೀರಾಕ್ಕೆ ಹೋಗಿ ಬಂದವರಿಗೆ ಇಲ್ಲಿನ ಪದ್ಧತಿಗಳು ಹೊಸದಲ್ಲ. ಪಾದರಕ್ಷೆಗಳನ್ನು ಜೋಡಾಘರ್‌ನಲ್ಲಿ ಕೊಟ್ಟು ಚೀಟಿ ಪಡೆಯಿರಿ, ಕಾಲು ತೊಳೆಯಿರಿ, ಗಂಡಸರು ಹೆಂಗಸರೆನ್ನದೆ ಎಲ್ಲರೂ ತಲೆಗೆ ಬಟ್ಟೆ ಕಟ್ಟಿಕೊಳ್ಳಿ. ಎಲ್ಲರಿಗೂ ಉಚಿತವಾಗಿ ಊಟ ಬಡಿಸುವ ಲಂಗರಿನಲ್ಲಿ ಸಾಲಾಗಿ ನೆಲದ ಮೇಲೆ ಕುಳಿತು, ರೊಟ್ಟಿಯನ್ನು ಎರಡೂ ಕೈ ಚಾಚಿ ಸ್ವೀಕರಿಸಬೇಕು. ತಟ್ಟೆಯಲ್ಲಿ ಏನನ್ನೂ ಬಿಡಬಾರದು. ನೆಲದ ಮೇಲೆ ಕೂರಲಾಗದ ಹಿರಿಯರಿದ್ದರೆ ಅಲ್ಲಿನ ಸೇವಾದಾರರಿಗೆ ತಿಳಿಸಿ. ಊಟದ ನಂತರ ಸರೋವರದ ಸುತ್ತಲಿನ ಮೊಗಸಾಲೆಯಲ್ಲಿ ನೆರಳು ಹಿಡಿದು ಕುಳಿತುಕೊಳ್ಳಿ. ಗುರು ಗ್ರಂಥ ಸಾಹಿಬ್ ಇರಿಸಿರುವ ದರ್ಬಾರಿನ ಕಡೆಗೆ ಕಾಲು ಚಾಚಬಾರದು, ಎತ್ತರದ ದನಿಯಲ್ಲಿ ಫೋನ್ ಮಾತು ಬೇಡ. ಕೀರ್ತನೆ ಕೇಳುತ್ತ, ನೀರಿನ ಮೇಲಿನಿಂದ ಬರುವ ಗಾಳಿಯಲ್ಲಿ ಕಣ್ಣು ಮುಚ್ಚಿ ಕುಳಿತರೂ ಆಯಾಸ ಬಹಳಮಟ್ಟಿಗೆ ಇಳಿಯುತ್ತದೆ. ಈ ಹೊತ್ತಿನಲ್ಲಿ ಓಆರ್‌ಎಸ್ ಬೆರೆಸಿದ ನೀರನ್ನು ಎಲ್ಲರೂ ಸ್ವಲ್ಪ ಸ್ವಲ್ಪವಾಗಿ ಕುಡಿಯಿರಿ. ಶೌಚಾಲಯ ಸಿಗುವುದಿಲ್ಲವೆಂಬ ಅಂಜಿಕೆಯಿಂದ ಹೆಂಗಸರು ನೀರು ಕುಡಿಯದೆ ಇರುವುದು ಸಾಮಾನ್ಯ, ಅದಕ್ಕೆ ಆಸ್ಪದ ಕೊಡಬೇಡಿ.

ಆರನೆಯ ಹೆಜ್ಜೆ: ಹುಮಾಯೂನನ ಸಮಾಧಿ

ಬಿಸಿಲಿನ ಕಾಲದಲ್ಲಿ ನಾಲ್ಕೂವರೆಗೆ, ಚಳಿಗಾಲದಲ್ಲಿ ಮೂರೂವರೆಗೆ ಇಲ್ಲಿಗೆ ತಲುಪುವಂತೆ ಆಟೊ ಅಥವಾ ಟ್ಯಾಕ್ಸಿಯಲ್ಲಿ ಹೊರಡಿ. ಹತ್ತಿರದ ಮೆಟ್ರೊ ನಿಲ್ದಾಣದಿಂದಲೂ ಸಾಕಷ್ಟು ದೂರವಿರುವ ಕಾರಣ, ಈ ಒಂದು ಪ್ರಯಾಣಕ್ಕೆ ಮೆಟ್ರೊಗಿಂತ ಟ್ಯಾಕ್ಸಿಯೇ ಮೇಲು. ದಿನದ ಎರಡನೆಯ ಭಾಗಕ್ಕೆ ಕುತುಬ್ ಮಿನಾರಿನ ಬದಲು ನಾನು ಇದನ್ನೇ ಹೇಳಲು ಕಾರಣಗಳಿವೆ: ಕುತುಬ್ ನಗರದ ದಕ್ಷಿಣದ ಅಂಚಿನಲ್ಲಿದೆ, ಇದು ನಿಜಾಮುದ್ದೀನ್ ರೈಲು ನಿಲ್ದಾಣಕ್ಕೆ ಸಮೀಪ, ಇಲ್ಲಿ ಮರಗಳಿವೆ, ಹುಲ್ಲಿದೆ, ಕುಳಿತುಕೊಳ್ಳಲು ಜಾಗವಿದೆ.

16ನೆಯ ಶತಮಾನದಲ್ಲಿ ಹುಮಾಯೂನನ ಪತ್ನಿ ಬೇಗಾ ಬೇಗಂ ಕಟ್ಟಿಸಿದ, ಪರ್ಷಿಯಾದ ವಾಸ್ತುಶಿಲ್ಪಿ ಮೀರಕ್ ಮಿರ್ಜಾ ಘಿಯಾಸ್ ರೂಪಿಸಿದ ಈ ಕಟ್ಟಡ 47 ಮೀಟರ್ ಎತ್ತರವಿದ್ದು, ನಾಲ್ಕು ಭಾಗಗಳಾಗಿ ಹಂಚಿದ ಚಾರ್‌ಬಾಗ್ ಉದ್ಯಾನದ ನಟ್ಟನಡುವೆ ನಿಂತಿದೆ. ತಾಜ್‌ಮಹಲಿಗೆ ದಾರಿ ತೋರಿದ ಕಟ್ಟಡ ಇದೇ. 1993ರಲ್ಲಿ ಇದು ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೆಳಿಗ್ಗೆ ಕೋಟೆಯಲ್ಲಿ ವಿಚಾರಣೆಯ ಸಭಾಂಗಣವನ್ನು ನೋಡಿದಿರಲ್ಲ, ಆ ಬಹಾದೂರ್ ಷಾ 1857ರ ಸೆಪ್ಟೆಂಬರಿನಲ್ಲಿ ದೆಹಲಿ ಬಿದ್ದ ಮೇಲೆ ಆಶ್ರಯ ಪಡೆದು, ಬ್ರಿಟಿಷರ ಕೈಗೆ ಸೆರೆಸಿಕ್ಕಿದ್ದು ಇಲ್ಲಿ, ತನ್ನ ಪೂರ್ವಜನ ಸಮಾಧಿಯಲ್ಲಿ.

ಮಂಡಿನೋವಿನವರಿಗೆ ಒಂದು ಮಾತು. ಮುಖ್ಯ ಸಮಾಧಿಯ ಜಗಲಿಗೆ ಹತ್ತುವ ಮೆಟ್ಟಿಲುಗಳು ಕಡಿದಾಗಿವೆ, ಇಳಿಯುವಾಗ ಇನ್ನೂ ಕಷ್ಟ. ಅವರು ಪ್ರವೇಶದ ಬಳಿ ಬಲಗಡೆಗೆ ಸಿಗುವ, ಸೂರಿ ಅರಸರ ಸರದಾರನಾಗಿದ್ದ ಈಸಾ ಖಾನನ ಅಷ್ಟಕೋನದ ಸಮಾಧಿಯನ್ನು ನೋಡಿ ಕುಳಿತರೆ ಸಾಕು. 1547ರ ಆಸುಪಾಸಿನ ಆ ಕಟ್ಟಡ ಹುಮಾಯೂನನ ಸಮಾಧಿಗಿಂತ ಹಳೆಯದು, ಜನ ಕಡಿಮೆ, ಸಂಜೆಯ ಬೆಳಕಿನಲ್ಲಿ ಅದರ ನೀಲಿ ಹೆಂಚುಗಳ ತುಣುಕುಗಳು ಚೆನ್ನಾಗಿ ಕಾಣುತ್ತವೆ.

ಯೋಜನೆ ತಪ್ಪಿದರೆ

ಬೆಳಿಗ್ಗೆ ಬಸ್ಸು ತಡವಾಗಿ ಹತ್ತು ಗಂಟೆಗೆ ಬಂದಿಳಿದರೆ ಕೆಂಪುಕೋಟೆಯನ್ನು ಕೈಬಿಡಿ, ವಿಶ್ರಾಂತಿಯನ್ನು ಮಾತ್ರ ಬಿಡಬೇಡಿ. ಸೋಮವಾರವಾದರೂ ಹೀಗೆಯೇ, ಕೋಟೆಯ ಗೋಡೆಯನ್ನು ಹೊರಗಿನಿಂದ ನೋಡಿ ಮುಂದೆ ಸಾಗಿ. ಯಾರಿಗಾದರೂ ತಲೆಸುತ್ತು, ಬೆವರು ನಿಲ್ಲುವುದು, ಜ್ವರದಂಥ ಮೈಬಿಸಿ ಕಂಡುಬಂದರೆ ಅದನ್ನು ಆಯಾಸವೆಂದು ತಳ್ಳಿಹಾಕದೆ ತಕ್ಷಣ ನೆರಳಿಗೆ ಕರೆದೊಯ್ದು, ಒದ್ದೆ ಬಟ್ಟೆಯಿಂದ ಮೈ ಒರೆಸಿ, 112ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು.

ಕೊನೆಯ ಹೆಜ್ಜೆ: ನಿಲ್ದಾಣಕ್ಕೆ

ನಿಜಾಮುದ್ದೀನ್‌ನಿಂದ ರೈಲು ಇರುವವರು ಸಮಾಧಿಯಿಂದ ನೇರವಾಗಿ ನಿಲ್ದಾಣಕ್ಕೆ ಹೋಗಬಹುದು. ಹೊಸ ದಿಲ್ಲಿಗೆ ಹೋಗಬೇಕಾದವರು ಸಂಜೆಯ ರಸ್ತೆಯನ್ನು ನಂಬಬಾರದು. ಜವಾಹರಲಾಲ್ ನೆಹರೂ ಸ್ಟೇಡಿಯಂ ನಿಲ್ದಾಣದವರೆಗೆ ಆಟೊದಲ್ಲಿ ಹೋಗಿ, ನೇರಳೆ ಮಾರ್ಗದಲ್ಲಿ ಸೆಂಟ್ರಲ್ ಸೆಕ್ರೆಟೇರಿಯಟ್‌ಗೆ ಬಂದು, ಅಲ್ಲಿ ಹಳದಿ ಮಾರ್ಗಕ್ಕೆ ಬದಲಿಸಿದರೆ ಹೊಸ ದಿಲ್ಲಿ ನಿಗದಿತ ಹೊತ್ತಿಗೆ ಸಿಗುತ್ತದೆ. ರೈಲು ಹೊರಡುವುದಕ್ಕೆ ಎರಡು ಗಂಟೆ ಮುಂಚೆ ಸಮಾಧಿಯ ಆವರಣದಿಂದ ಹೊರಬಿದ್ದಿರಬೇಕು. ನಿಲ್ದಾಣ ತಲುಪಿದೊಡನೆ ಮೊದಲು ಕ್ಲೋಕ್ ರೂಮಿಗೆ ಹೋಗಿ. ಸಂಜೆ ಅಲ್ಲಿ ಸಾಲು ಇರುತ್ತದೆ. ಹಿರಿಯರನ್ನು ನಿರೀಕ್ಷಣಾ ಕೊಠಡಿಯಲ್ಲಿ ಕೂರಿಸಿ, ಒಬ್ಬರು ಚೀಲಗಳನ್ನು ಬಿಡಿಸಿಕೊಂಡರೆ ಇನ್ನೊಬ್ಬರು ರಾತ್ರಿಯ ಊಟ, ಬಾಳೆಹಣ್ಣು, ಮೊಹರು ಮಾಡಿದ ನೀರಿನ ಬಾಟಲಿಗಳನ್ನು ಕೊಂಡು ತರಲಿ. ಪ್ಲಾಟ್‌ಫಾರಂ ಸಂಖ್ಯೆಯನ್ನು ಫಲಕದಲ್ಲಿ ಖಚಿತಪಡಿಸಿಕೊಂಡ ನಂತರವೇ ಎಲ್ಲರನ್ನೂ ಎಬ್ಬಿಸಿ ಮೇಲ್ಸೇತುವೆ ಹತ್ತಿಸಿ, ಮತ್ತು ಆ ಸೇತುವೆಗೆ ಎಸ್ಕಲೇಟರ್ ಅಥವಾ ಲಿಫ್ಟ್ ಯಾವ ತುದಿಯಲ್ಲಿದೆ ಎಂಬುದನ್ನು ಕೂಲಿಯೊಬ್ಬರನ್ನು ಕೇಳಿ ಮೊದಲೇ ತಿಳಿದುಕೊಂಡಿರಿ.